ಒಬ್ಬರೇ ಕುಡಿಯುವವರಿಗೆ ಎಷ್ಟು ಮಿ.ಲೀ. ಗೈವಾನ್ ಸರಿ?

ನೀವು ಕೇಳಿರುವುದು ಇಷ್ಟು. ಇದುವರೆಗೆ ಸ್ಟೀಲ್ ಲೋಟದಲ್ಲೇ ಊಲಾಂಗ್ ಚಹಾ ಎಲೆ ನೆನೆಸಿ ಕುಡಿಯುತ್ತಿದ್ದೀರಿ. ಈಗ ಒಂದು ಗೈವಾನ್, ಅಂದರೆ ಚೀನಾದವರು ಚಹಾ ನೆನೆಸುವ ಮುಚ್ಚಳದ ಬಟ್ಟಲು, ಕೊಳ್ಳಬೇಕು ಅಂತಿದ್ದೀರಿ. ಆನ್‌ಲೈನಿನಲ್ಲಿ ನೋಡಿದರೆ 60, 100, 150, 200 ಮಿ.ಲೀ. ಎಲ್ಲವೂ ಇವೆ. ಹೆಚ್ಚಾಗಿ ಒಬ್ಬರೇ ಕುಡಿಯುತ್ತೀರಿ, ಭಾನುವಾರ ಮಾತ್ರ ಮನೆಯವರು ಜೊತೆಗಿರುತ್ತಾರೆ. ‘ಒಂದು ಲೋಟದಷ್ಟಾದರೂ ಬೇಕಲ್ವಾ, 200ರದ್ದೇ ತಗೊಳ್ಳಲಾ?’ ಅಂತ ನಿಮ್ಮ ಪ್ರಶ್ನೆ.

ಬೇಡ. 100ರಿಂದ 120 ಮಿ.ಲೀ. ಒಳಗಿನದು ತಗೊಳ್ಳಿ. ಯಾಕೆ ಅಂತ ಹೇಳುತ್ತೇನೆ, ಯಾಕಂದ್ರೆ ನೀವು ಮಾಡಲು ಹೊರಟಿರುವ ತಪ್ಪನ್ನು ನಾನು ಆಗಲೇ ಮಾಡಿ ಮುಗಿಸಿದ್ದೇನೆ.

ಕೆಲಸದ ಮೇಲೆ ಎರಡು ವರ್ಷ ಚೀನಾದ ಶೆನ್‌ಝೆನ್‌ನಲ್ಲಿದ್ದೆ. ಅಲ್ಲಿಗೆ ಹೋದ ಹೊಸದರಲ್ಲಿ 180 ಮಿ.ಲೀ.ನ ಗೈವಾನ್ ಕೊಂಡೆ. ನಮ್ಮ ಲೆಕ್ಕ ಗೊತ್ತಲ್ಲ, ದುಡ್ಡು ಅಷ್ಟೇ ಆದರೆ ದೊಡ್ಡದೇ ಇರಲಿ. ಕುದಿಯುವ ನೀರು ತುಂಬಿ ಎತ್ತಿದೆ. ಬೆರಳು ಸುಟ್ಟಿತು, ಮುಚ್ಚಳ ಜಾರಿತು, ಅರ್ಧ ಚಹಾ ಟೇಬಲ್ ಮೇಲೆ. ಉಳಿದರ್ಧ ಕಷಾಯ. ಪಕ್ಕದ ಟೇಬಲ್ಲಿನ ಸಹೋದ್ಯೋಗಿ ಚಾವ್‌ಝೌ ಊರಿನ ಕಡೆಯವನು. ಅವನು ನಗಲಿಲ್ಲ, ಸುಮ್ನೆ ತನ್ನ ಡ್ರಾಯರಿನಿಂದ ಒಂದು ಪುಟ್ಟ ಬಿಳಿ ಗೈವಾನ್ ತೆಗೆದು ಮುಂದಿಟ್ಟ. ನಮ್ಮ ಮನೆಯಲ್ಲಿ ಮಗುವಿಗೆ ತುಪ್ಪ ಅನ್ನ ಕಲಸುವ ಬಟ್ಟಲು ಅದಕ್ಕಿಂತ ದೊಡ್ಡದಿತ್ತು.

ಗೈವಾನ್ ಅಂದರೆ ಬರೀ ಮುಚ್ಚಳದ ಬಟ್ಟಲು. ‘ಗೈ’ ಮುಚ್ಚಳ, ‘ವಾನ್’ ಬಟ್ಟಲು, ಕೆಳಗೊಂದು ತಟ್ಟೆ. ಇದನ್ನು ಎರಡು ಥರ ಬಳಸುತ್ತಾರೆ, ಗೊಂದಲ ಹುಟ್ಟುವುದೇ ಅಲ್ಲಿ. ಸಿಚುವಾನಿನ ಚೆಂಗ್ಡು ಊರಿನ ಟೀಹೌಸ್‌ಗಳಲ್ಲಿ ಗೈವಾನೇ ಲೋಟ. ಒಂದು ಚಿಟಿಕೆ ಮಲ್ಲಿಗೆ ಚಹಾ ಹಾಕಿ, ನೀರು ಹುಯ್ದು, ಮುಚ್ಚಳದಿಂದ ಎಲೆಗಳನ್ನು ಪಕ್ಕಕ್ಕೆ ತಳ್ಳುತ್ತಾ ಅದರಿಂದಲೇ ಗಂಟೆಗಟ್ಟಲೆ ಹೀರುತ್ತಾರೆ. ಮುಚ್ಚಳ ತೆಗೆದು ಬದಿಗಿಟ್ಟರೆ ಕೆಟಲ್ ಹಿಡಿದವರು ಬಂದು ಮತ್ತೆ ನೀರು ತುಂಬುತ್ತಾರೆ. ನೀವು ನೋಡುತ್ತಿರುವ 200ರ ಗೈವಾನ್ ಆ ಕೆಲಸಕ್ಕೆ ಹುಟ್ಟಿದ್ದು.

ನಿಮಗೆ ಬೇಕಿರುವುದು ಇನ್ನೊಂದು ಥರ. ಫುಜಿಯಾನ್ ಮತ್ತು ಚಾವ್‌ಝೌ ಕಡೆಯ ಗೊಂಗ್‌ಫು ಪದ್ಧತಿ. ಹೌದು, ಕುಂಗ್‌ಫು ಅನ್ನುತ್ತೇವಲ್ಲ, ಅದೇ ಪದ, ಅಭ್ಯಾಸದಿಂದ ಬಂದ ಕೈಚಳಕ ಅಂತ ಅರ್ಥ. ಇಲ್ಲಿ ಗೈವಾನ್ ಲೋಟವಲ್ಲ, ಪಾತ್ರೆ. ಎಲೆ ಜಾಸ್ತಿ, ನೀರು ಕಡಿಮೆ, ಹತ್ತು ಹದಿನೈದು ಸೆಕೆಂಡ್ ನೆನೆಸಿ ಪೂರ್ತಿ ಬಸಿದುಬಿಡಬೇಕು. ಅದೇ ಎಲೆಗೆ ಮತ್ತೆ ನೀರು. ಹೀಗೆ ಆರೇಳು ಸುತ್ತು, ಒಳ್ಳೆಯ ಎಲೆಯಾದರೆ ಇನ್ನೂ ಜಾಸ್ತಿ.

ಈಗ ನಿಮ್ಮ ‘ಒಂದು ಲೋಟದಷ್ಟು’ ಲೆಕ್ಕಕ್ಕೆ ಬರೋಣ. 100ರ ಗೈವಾನಿನಿಂದ ಒಂದು ಸುತ್ತಿಗೆ ಸುಮಾರು 75–80 ಮಿ.ಲೀ. ಸಿಗುತ್ತದೆ ಅನ್ನಿ. ಏಳು ಸುತ್ತಾದರೆ ಅರ್ಧ ಲೀಟರಿಗೂ ಜಾಸ್ತಿ ಆಯಿತು! 200ರದ್ದಾದರೆ ಲೀಟರ್ ದಾಟುತ್ತದೆ. ಒಬ್ಬರೇ ಕೂತು ಅಷ್ಟು ಕುಡಿದರೆ ರಾತ್ರಿ ನಿದ್ದೆ ದೇವರೇ ಗತಿ. ಅರ್ಧ ತುಂಬಿಸಿ ಕುಡಿದರಾಯಿತಲ್ಲ ಅಂತೀರೇನೋ. ನಾನೂ ಹಾಗೇ ಅಂದುಕೊಂಡಿದ್ದೆ. ದೊಡ್ಡ ಬಟ್ಟಲಿನ ತಳದಲ್ಲಿ ಸ್ವಲ್ಪವೇ ನೀರಿದ್ದರೆ ಪಿಂಗಾಣಿಯೇ ಅದರ ಬಿಸಿಯೆಲ್ಲ ಹೀರಿಬಿಡುತ್ತದೆ. ಎಲೆ ಸರಿಯಾಗಿ ಅರಳುವುದಿಲ್ಲ.

ಎಲೆಯ ಖರ್ಚೂ ನೋಡಿ. ಊಲಾಂಗ್‌ಗೂ ಪು-ಅರ್ ಅನ್ನುವ ಹುದುಗಿಸಿದ ಚಹಾಕ್ಕೂ 15–20 ಮಿ.ಲೀ. ನೀರಿಗೆ ಒಂದು ಗ್ರಾಂ ಎಲೆ ಅಂತ ಸಾಮಾನ್ಯ ಲೆಕ್ಕ. ಸಣ್ಣದಕ್ಕೆ 5 ಗ್ರಾಂ ಸಾಕು, ದೊಡ್ಡದಕ್ಕೆ 10 ಗ್ರಾಂ ಬೇಕು. ಐವತ್ತು ಗ್ರಾಂ ಡಬ್ಬಿ ಹತ್ತು ದಿನ ಬರುತ್ತದೋ ಐದೇ ದಿನಕ್ಕೆ ಖಾಲಿಯೋ ಅನ್ನುವುದು ಗೈವಾನ್ ಮೇಲೆ ನಿಂತಿದೆ. ಇಲ್ಲಿಗೆ ತರಿಸಿಕೊಂಡ ಎಲೆಯ ಬೆಲೆ ನಿಮಗೇ ಗೊತ್ತು.

ಆದರೆ ನನ್ನ ಮಟ್ಟಿಗೆ ದುಡ್ಡಿಗಿಂತ ದೊಡ್ಡ ಕಾರಣ ಬಸಿಯುವ ವೇಗ. ಗೈವಾನಿಗೆ ಮೂತಿ ಇಲ್ಲ, ಜಾಲರಿ ಇಲ್ಲ. ಗಂಜಿ ಬಸಿಯುವಾಗ ಮುಚ್ಚಳ ಸ್ವಲ್ಪ ಸರಿಸಿ ಪಾತ್ರೆ ಬಗ್ಗಿಸುತ್ತೇವಲ್ಲ, ಅದೇ ಕೆಲಸ ಒಂದೇ ಕೈಯಲ್ಲಿ. ಹೆಬ್ಬೆರಳು ಮತ್ತು ನಡುಬೆರಳು ಅಂಚಿನ ಎರಡೂ ಬದಿಗೆ, ತೋರುಬೆರಳು ಮುಚ್ಚಳದ ಗುಬುಟಿನ ಮೇಲೆ. ಸಣ್ಣದು ನಾಲ್ಕೈದು ಸೆಕೆಂಡಿನಲ್ಲಿ ಖಾಲಿ. ನನ್ನ 180ರದ್ದು ಖಾಲಿಯಾಗಲು ಹತ್ತು ಸೆಕೆಂಡಾದರೂ ಬೇಕಿತ್ತು. ಐದು ನಿಮಿಷ ನೆನೆಸುವ ಚಹಾಕ್ಕೆ ಐದು ಸೆಕೆಂಡ್ ಆಚೀಚೆ ಆದರೆ ಏನೂ ಇಲ್ಲ. ಹತ್ತೇ ಸೆಕೆಂಡ್ ನೆನೆಯಬೇಕಾದ ಚಹಾ ಬಸಿಯುವುದರಲ್ಲೇ ಇನ್ನೊಂದು ಹತ್ತು ಸೆಕೆಂಡ್ ನೆನೆದರೆ ಲೆಕ್ಕವೇ ತಪ್ಪಿತು. ಮೊದಲು ಬಿದ್ದದ್ದು ತೆಳು, ಕೊನೆಗೆ ಬಿದ್ದದ್ದು ಒಗರು. ‘ನನ್ನ ಊಲಾಂಗ್ ಯಾಕೋ ಕಹಿ’ ಅಂತ ನೀವು ಹಿಂದೊಮ್ಮೆ ಬರೆದಿದ್ದರೆ, ಎಲೆಯನ್ನು ಬೈಯುವ ಮೊದಲು ಇದನ್ನು ನೋಡಿ.

ಕೈ ಸುಡುವುದಕ್ಕೂ ಅಳತೆಗೂ ನಂಟಿದೆ. 100ರ ಗೈವಾನಿನ ಬಾಯಿ ಸುಮಾರು ಎಂಟೂವರೆ ಸೆಂಟಿಮೀಟರ್, 150ರದ್ದು ಹತ್ತರ ಹತ್ತಿರ. ಬಾಯಿ ಅಗಲವಾದಷ್ಟೂ ಬೆರಳು ಚಾಚಬೇಕು, ಹಿಡಿತ ಸಡಿಲ. ನಿಮ್ಮದು ದೊಡ್ಡ ಕೈ ಆದರೆ 150 ಕಷ್ಟವಾಗಲಿಕ್ಕಿಲ್ಲ, ನನ್ನದು ಹಾಗಲ್ಲ. ಇನ್ನೊಂದು, ಅಂಚು ಹೊರಕ್ಕೆ ಚೆನ್ನಾಗಿ ಬಾಗಿರಬೇಕು. ನೀರು ತಾಗದ ಆ ಅಂಚೇ ನಿಮ್ಮ ಹಿಡಿ. ನೆಟ್ಟಗಿನ ಅಂಚಿನ ಗೈವಾನ್ ಫೋಟೋದಲ್ಲಿ ಎಷ್ಟೇ ಚೆಂದ ಕಂಡರೂ ಬಿಟ್ಟುಬಿಡಿ.

ಒಂದು ಮೋಸ ಇದೆ. ಮೋಸ ಅನ್ನುವುದೂ ತಪ್ಪೇನೋ, ಬರೆಯುವ ರೂಢಿಯೇ ಹಾಗೆ. ಡಬ್ಬಿಯ ಮೇಲಿನ ಸಂಖ್ಯೆ ಅನೇಕ ಸಲ ಬಟ್ಟಲನ್ನು ಕಂಠಮಟ್ಟ ತುಂಬಿದರೆ ಹಿಡಿಯುವ ಅಳತೆ. ಮುಚ್ಚಳ ಕೂರುವುದು ಅದಕ್ಕಿಂತ ಕೆಳಗೆ, ನೀರು ಅಲ್ಲಿಗೇ ನಿಲ್ಲಬೇಕು. ಮೇಲೆ ಬಂದರೆ ಬೆರಳಿಗೆ ಬರೆ. ನನ್ನ ಹತ್ತಿರ ‘150’ ಅಂತ ಬರೆದಿದ್ದ ಒಂದು ಗೈವಾನ್ ಇದೆ, ತೂಗಿದರೆ ಮುಚ್ಚಳದವರೆಗೆ ಹಿಡಿದದ್ದು 120 ಅಷ್ಟೇ. ತೂಗುವುದು ಸುಲಭ. ಕಿಚನ್ ಸ್ಕೇಲ್ ಮೇಲೆ ಖಾಲಿ ಬಟ್ಟಲಿಟ್ಟು ಸೊನ್ನೆ ಮಾಡಿ, ಮುಚ್ಚಳದ ಮಟ್ಟಕ್ಕೆ ನೀರು ಹುಯ್ಯಿರಿ. ಎಷ್ಟು ಗ್ರಾಂ ತೋರಿಸುತ್ತದೋ ಅಷ್ಟೇ ಮಿ.ಲೀ.

ಹಾಗಾದರೆ 60ರದ್ದು ಯಾಕೆ ಬೇಡ? ಬೇಡ ಅಂತೇನಿಲ್ಲ. ದುಬಾರಿ ಹಳೆಯ ಪು-ಅರ್ ಒಬ್ಬರೇ ರುಚಿ ನೋಡಲು ಅದೇ ಚೆನ್ನ. ಆದರೆ ಮೊದಲ ಗೈವಾನ್ ಆಗಿ ಇಕ್ಕಟ್ಟು. ತಿಯೆಗುವಾನ್‌ಯಿನ್ ಥರ ಗುಂಡಗೆ ಸುತ್ತಿದ ಊಲಾಂಗ್ ಇರುತ್ತದಲ್ಲ, ಹಾಕುವಾಗ ತಳದಲ್ಲಿ ನಾಲ್ಕು ಕಾಳು ಮೆಣಸಿನಂತೆ ಕಾಣುತ್ತದೆ. ಮೂರು ನಾಲ್ಕನೇ ಸುತ್ತಿಗೆ ಅರಳಿ ಬಟ್ಟಲಿನ ತುಂಬ ಎಲೆಯೇ. ಸಣ್ಣದಾದರೆ ಮುಚ್ಚಳವನ್ನೇ ಎತ್ತಿಬಿಡುತ್ತದೆ. ಚಾವ್‌ಝೌನ ದಾನ್‌ಛೊಂಗ್ ಊಲಾಂಗ್, ವುಯಿ ಬೆಟ್ಟದ ಊಲಾಂಗ್ ಇವುಗಳದ್ದು ಇನ್ನೊಂದು ತಕರಾರು. ಎಲೆ ಉದ್ದ, ಒಣಗಿದ್ದಾಗಲೇ ಬಟ್ಟಲಿನ ಮುಕ್ಕಾಲು ಭಾಗ ತುಂಬಿಬಿಡುತ್ತದೆ.

ವುಯಿ ಚಹಾ ಹೆಚ್ಚಾಗಿ 8 ಗ್ರಾಮಿನ ಪುಟ್ಟ ಪೊಟ್ಟಣಗಳಲ್ಲಿ ಬರುತ್ತದೆ. ಒಂದು ಪೊಟ್ಟಣ, ಒಂದು ಗೈವಾನ್, 110–120 ಮಿ.ಲೀ. ಅಲ್ಲಿನವರಿಗೆ ಅದೇ ಅಳತೆ. ಗಟ್ಟಿಯಾಗೇ ಇರುತ್ತದೆ, ನಮ್ಮ ಫಸ್ಟ್ ಡಿಕಾಕ್ಷನ್ ಥರ. ಚೀನಾದ ರಾಷ್ಟ್ರೀಯ ಮಾನದಂಡದಲ್ಲೂ ಊಲಾಂಗ್ ಪರೀಕ್ಷಿಸುವ ಗೈವಾನ್ 110 ಮಿ.ಲೀ.ನದ್ದೇ. 5 ಗ್ರಾಂ ಎಲೆ ಹಾಕಿ ಎರಡು, ಮೂರು, ಐದು ನಿಮಿಷದಂತೆ ಮೂರು ಸಲ ನೆನೆಸುತ್ತಾರೆ. ಅದು ಎಲೆಯ ದೋಷ ಎತ್ತಿ ತೋರಿಸುವುದಕ್ಕೆ, ಕುಡಿಯುವ ಖುಷಿಗಲ್ಲ. ಮನೆಯಲ್ಲಿ ಮಾಡಬೇಡಿ.

ಭಾನುವಾರದ ಪ್ರಶ್ನೆ ಉಳಿಯಿತು. ಇಬ್ಬರಾದರೆ ಸಾಲುತ್ತದಾ? ಚಾವ್‌ಝೌನಲ್ಲಿ ‘ಚಹಾಕ್ಕೆ ಮೂವರು, ಮದ್ಯಕ್ಕೆ ನಾಲ್ವರು’ ಅಂತ ಒಂದು ಮಾತಿದೆ. ರುಚಿ ನೋಡು ಅನ್ನುವುದಕ್ಕೆ ಚೀನೀ ಅಕ್ಷರ ‘ಪಿನ್’. ಅದರಲ್ಲಿ ‘ಬಾಯಿ’ ಅನ್ನುವ ಅಕ್ಷರ ಮೂರು ಸಲ ಇದೆ, ಅದಕ್ಕೇ ಮೂರು ಕಪ್ ಅಂತಲೂ ಹೇಳುತ್ತಾರೆ. ಸುಮಾರು 30 ಮಿ.ಲೀ.ನ ಮೂರು ಪುಟ್ಟ ಕಪ್ಪು, ನೂರರ ಹತ್ತಿರದ ಗೈವಾನ್. ಮೂವರಿಗಿಂತ ಜಾಸ್ತಿ ಜನ ಇದ್ದರೂ ಮೂರೇ ಕಪ್ಪು. ಬಿಸಿನೀರಿನಲ್ಲಿ ತೊಳೆದು ಸರದಿಯ ಮೇಲೆ ಕುಡಿಯುತ್ತಾರೆ. ಬೈಟು ಕಾಫಿ ಕುಡಿದು ಬೆಳೆದ ನಮಗೆ ಇದು ಕಷ್ಟವಾಗಬಾರದು. ನೀವಿಬ್ಬರಿದ್ದಾಗ ಒಂದು ಸಣ್ಣ ಗಾಜಿನ ಜಗ್ಗಿಗೆ ಬಸಿದು ಎರಡು ಪಾಲು ಮಾಡಿ. ಜಗ್ಗಿಗೆ ಬಸಿದರೆ ತೆಳು ಗಟ್ಟಿ ಎಲ್ಲ ಬೆರೆತು ಒಂದೇ ಹದಕ್ಕೆ ಬರುತ್ತದೆ. ನಾಲ್ಕು ಜನ ನೆಂಟರು ಬರುವ ಮನೆಯಾದರೆ ಮುಂದೆ 150ರದ್ದೊಂದು ಕೊಳ್ಳಬಹುದು. ಅಷ್ಟರಲ್ಲಿ ಕೈ ಪಳಗಿರುತ್ತದೆ.

ಲೊಂಗ್‌ಜಿಂಗ್ ಥರದ ಹಸಿರು ಚಹಾವನ್ನೇ ಜಾಸ್ತಿ ಕುಡಿಯುವವರಾದರೆ ನನ್ನ ಮಾತು ಸ್ವಲ್ಪ ಬದಲಾಗುತ್ತದೆ. ಅದಕ್ಕೆ ಎಲೆ ಕಡಿಮೆ ಸಾಕು, ನೀರು ಕುದಿಯಬಾರದು, ಬೆರಳು ಸುಡುವ ಭಯ ಕಡಿಮೆ. 150 ನಡೆಯುತ್ತದೆ. ಉದ್ದ ಗಾಜಿನ ಲೋಟವೂ ನಡೆಯುತ್ತದೆ, ಅದಕ್ಕೆ ಗೈವಾನೇ ಬೇಕಂತಿಲ್ಲ. ಮತ್ತೆ, ನಮ್ಮ ಅಂಗಡಿ ಚಹಾಪುಡಿಯನ್ನು ಇದರಲ್ಲಿ ಹಾಕಬೇಡಿ. ಮುಚ್ಚಳದ ಸಂದಿಯಿಂದ ಪುಡಿ ಪೂರ್ತಿ ಕಪ್ಪಿಗೇ ಬರುತ್ತದೆ. ನಾನು ಮಾಡಿ ನೋಡಿದ್ದೇನೆ.

ಮೊದಲನೆಯದು ಸಾದಾ ಬಿಳಿ ಪಿಂಗಾಣಿಯದೇ ಇರಲಿ, ತೆಳುವಾಗಿರಲಿ. ಫುಜಿಯಾನಿನ ದೆಹುವಾ ಊರಿನ ಬಿಳಿ ಪಿಂಗಾಣಿ ಚೆನ್ನಾಗಿರುತ್ತದೆ. ಜೇಡಿಮಣ್ಣಿನದು, ಚಿತ್ತಾರದ್ದು ಎಲ್ಲ ಆಮೇಲೆ. ಮಾರುವವರಿಗೆ ಎರಡೇ ಪ್ರಶ್ನೆ ಕೇಳಿ: ಮುಚ್ಚಳದ ಮಟ್ಟಕ್ಕೆ ಎಷ್ಟು ಮಿ.ಲೀ., ಬಾಯಿ ಎಷ್ಟು ಸೆಂಟಿಮೀಟರ್. ಕೊಳ್ಳುವ ಮೊದಲು ಅಡುಗೆಮನೆಯಲ್ಲಿ ಅಷ್ಟೇ ಅಗಲದ ಯಾವುದಾದರೂ ಬಟ್ಟಲಿಗೆ ತಣ್ಣೀರು ತುಂಬಿ, ಮೇಲೊಂದು ಸಣ್ಣ ತಟ್ಟೆ ಮುಚ್ಚಿ, ಮೂರು ಬೆರಳಿನಲ್ಲಿ ಎತ್ತಿ ಸಿಂಕಿಗೆ ಬಸಿದು ನೋಡಿ. ಬೆರಳು ನಡುಗಿದರೆ ಒಂದು ಅಳತೆ ಕೆಳಗಿಳಿಯಿರಿ. ಅಂದಹಾಗೆ ನನ್ನ 180ರದ್ದರಲ್ಲಿ ಈಗ ಅಮ್ಮ ಮೊಸರಿಗೆ ಹೆಪ್ಪು ಹಾಕುತ್ತಾರೆ. ಮುಚ್ಚಳ ಸರಿಯಾಗಿ ಕೂರುತ್ತದಂತೆ.