ಲಾಭ ಬಂದ್ರೆ ಸಂಬಳ ತಾನಾಗೇ ಏರಲ್ಲ ರೀ
ನಿಮ್ಮ ತಮ್ಮ ಅಮೆರಿಕದಲ್ಲಿ ಪೈಲಟ್, ಕಂಪನಿಗೆ ಇಷ್ಟು ಲಾಭ ಬಂದೈತೆ, ಹೊಸ ಕಾಂಟ್ರ್ಯಾಕ್ಟಲ್ಲಿ ಸಂಬಳ ಏರೇ ಏರ್ತದಲ್ವಾ ಅಂತ ಕೇಳಿದೀರಿ. ಅಲ್ಲಿ ರೈಲ್ವೆ ಲೇಬರ್ ಆ್ಯಕ್ಟ್ ಅಂತ 1926ರ ಕಾನೂನೈತೆ, 1936ರಲ್ಲಿ ವಿಮಾನದವರನ್ನೂ ಅದಕ್ಕೆ ಸೇರಿಸಿದ್ರು, ಅದರ ಪ್ರಕಾರ ಡೇಟ್ ಮುಗಿದ್ರೂ ಹಳೇ ಕಾಂಟ್ರ್ಯಾಕ್ಟೇ ನಡೀತದೆ, ಸರ್ಕಾರದ ಮಧ್ಯಸ್ಥಿಕೆ ಬೋರ್ಡ್ ಮಾತುಕತೆಯಿಂದ ಬಿಡೋವರೆಗೂ ಸ್ಟ್ರೈಕೂ ಮಾಡಂಗಿಲ್ಲ, ಹಂಗಾಗಿ ಎಳೆದಷ್ಟೂ ಕಂಪನಿಗೇ ಅನುಕೂಲ. 2023ರಲ್ಲಿ ಅಲ್ಲಿನ ಡೆಲ್ಟಾ ವಿಮಾನ ಕಂಪನಿ ಪೈಲಟ್‌ಗಳಿಗೆ 4 ವರ್ಷದಲ್ಲಿ ಶೇ. 34 ಹೆಚ್ಚಳ ಸಿಕ್ತು ನಿಜ, ಆಗ ಪೈಲಟ್‌ಗಳ ಕೊರತೆನೂ ಇತ್ತು.

ನಮ್ಮಪ್ಪ ಇಲ್ಲೇ ದಾವಣಗೆರೆಲಿ ಕಾಟನ್ ಮಿಲ್ಲಲ್ಲಿದ್ರು, ಚೆನ್ನಾಗಿ ಓಡೋವಾಗ ಬೋನಸ್ ಕೊಟ್ಟು ಸಂಬಳ ಮುಂದಿನ ವರ್ಷ ನೋಡಣ ಅಂದ್ರು, ಆಮೇಲೆ ಗೇಟಿಗೆ ಬೀಗನೇ ಬಿತ್ತು, ಅದು ನೆನೆಸ್ಕೊಂಡ್ರೆ ಇವತ್ತಿಗೂ ಹೊಟ್ಟೆ ಉರೀತದೆ. ಪ್ರಾಫಿಟ್ ಶೇರಿಂಗ್, ಅಂದ್ರೆ ಲಾಭದಲ್ಲಿ ಕೊಡೋ ಪಾಲು, ದೊಡ್ಡದು ಕಂಡ್ರೂ ಲಾಭ ಹೋದ ವರ್ಷ ಅದೂ ಹೋಗ್ತದೆ, ತಮ್ಮನಿಗೆ ಗಂಟೆ ರೇಟನ್ನೇ ಗಟ್ಟಿಯಾಗಿ ಹಿಡಿಯೋಕೆ ಹೇಳಿ.