ಮುಲ್ತಾನಿ ಮಿಟ್ಟಿ ನೈಸರ್ಗಿಕ ತಾನೇ, ಮೊಡವೆಗೆ ದಿನವೂ ಹಚ್ಚಿದರೆ ತೊಂದರೆ ಇದೆಯೇ?

ಇದೆ. ನೈಸರ್ಗಿಕ ಎಂಬ ಮಾತನ್ನು ಮೊದಲು ಪಕ್ಕಕ್ಕಿಡಿ. ಸೀಸ, ಆರ್ಸೆನಿಕ್‌ಗಳೂ ನೆಲದೊಳಗಿನವೇ. ಕಾಲೇಜಿನ ದಿನಗಳಲ್ಲಿ ನಾನೂ ಹೀಗೆಯೇ ನಂಬಿ, ಗ್ರಂಥಿಗೆ ಅಂಗಡಿಯಿಂದ ಹೆಂಟೆ ತಂದು ಕುಟ್ಟಿ ದಿನಾ ರಾತ್ರಿ ಬಳಿದುಕೊಳ್ಳುತ್ತಿದ್ದೆ.

ನನ್ನನ್ನು ಕೆಡಿಸಿದ್ದು ಒಣಗುವವರೆಗೆ ಕಾಯುವ ಚಟ. ಫ್ಯಾನಿನ ಕೆಳಗೆ ಕುಳಿತು, ನಕ್ಕರೆ ಬಿರುಕು ಬಿಡುವಷ್ಟು ಗಟ್ಟಿಯಾದ ಮೇಲೆಯೇ ಏಳುತ್ತಿದ್ದೆ. ಚರ್ಮ ಬಿಗಿದಷ್ಟೂ ಕೊಳೆ ಹೊರಗೆ ಬರುತ್ತಿದೆ ಎಂಬ ಭ್ರಮೆ! ಈ ಮಣ್ಣಿನಲ್ಲಿ ಸಾಮಾನ್ಯವಾಗಿ ಹೆಚ್ಚಿರುವುದು ಮಾಂಟ್‌ಮೊರಿಲೊನೈಟ್ ಗುಂಪಿನ ಖನಿಜ. ಅದರ ಕಣವೆಂದರೆ ಹಪ್ಪಳದ ಅಟ್ಟಿಯ ಹಾಗೆ ತೆಳು ಪದರಗಳು. ನಡುವೆ ನೀರು ಹೊಕ್ಕರೆ ಉಬ್ಬುತ್ತದೆ, ಆರಿದರೆ ಕುಗ್ಗುತ್ತದೆ. ಜಿಡ್ಡನ್ನು ಹೀರಲು ಅದು ಪೂರ್ತಿ ಒಣಗಬೇಕಿಲ್ಲ. ಒಣಗಿದಷ್ಟೂ ಕುಗ್ಗುತ್ತ, ತನ್ನೊಂದಿಗೆ ಚರ್ಮದ ಮೇಲ್ಪದರವನ್ನೂ ಎಳೆಯುತ್ತದೆ. ಸಾಲದೆಂದು ಒಣಗಿದ್ದನ್ನು ಉಜ್ಜಿ ಉದುರಿಸುತ್ತಿದ್ದೆ. ಅದರಲ್ಲಿ ಬೆರೆತಿದ್ದ ಬೆಣಚಿನ ಮರಳು ಕೆನ್ನೆಯನ್ನು ಗೀರುತ್ತಿತ್ತು. ಚರ್ಮದ ಪಿಎಚ್ ಸುಮಾರು 5, ಅಂದರೆ ಆಮ್ಲೀಯ. ಮಿಟ್ಟಿಯೋ ಹೆಚ್ಚಾಗಿ ಕ್ಷಾರದ ಕಡೆಯದು. ಕೆನ್ನೆ ಉರಿದು ಕೆಂಪಾಯಿತು, ಕೆಂಪು ಇಳಿದ ಕಡೆ ಕಪ್ಪು ಕಲೆ ಕೂತಿತು. ಮೊಡವೆ ಇದ್ದಲ್ಲೇ ಇತ್ತು. ಕಲೆ ಮಾತ್ರ ತಿಂಗಳುಗಟ್ಟಲೆ ಉಳಿದು, ಅಕ್ಕನ ಮದುವೆಯ ಫೋಟೊಗಳಲ್ಲೆಲ್ಲ ಕಾಣುತ್ತದೆ.

ಹಚ್ಚಲೇಬೇಕೆಂದಿದ್ದರೆ ವಾರಕ್ಕೊಮ್ಮೆ ಸಾಕು. ಅಂಚು ಬಿಳಿಚಿಕೊಳ್ಳಲು ಶುರುವಾದ ಕೂಡಲೇ ನೀರು ಚಿಮುಕಿಸಿ ತೊಳೆದುಬಿಡಿ. ಒಣ ಚರ್ಮದವರಿಗೆ ನೀರಿಗೆ ಉಬ್ಬದ ಕೇಯೊಲಿನ್ ಎಂಬ ಬಿಳಿ ಮಣ್ಣು ವಾಸಿ. ನಿಂಬೆರಸ ಬೆರೆಸುವ ಸಲಹೆ ಯಾರೇ ಕೊಟ್ಟರೂ ಕೇಳಬೇಡಿ.

ಬಿಡಿಯಾಗಿ ಮಾರುವ ಪುಡಿಯನ್ನು ನಾನು ಈಗ ಮುಟ್ಟುವುದಿಲ್ಲ. ಮಣ್ಣಿನ ಹೆಸರು ಒಂದೇ ಆದರೂ ಯಾವ ಗಣಿಯಿಂದ ಬಂತು, ಜೊತೆಗೆ ಏನು ಬಂತು ಎಂಬುದು ಬೇರೆ ಬೇರೆ. 2016ರಲ್ಲಿ ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಇದೇ ಖನಿಜ ಹೆಚ್ಚಿರುವ ಬೆಂಟೊನೈಟ್ ಎಂಬ ಮಣ್ಣಿನ ಎರಡು ಉತ್ಪನ್ನಗಳಲ್ಲಿ ಸೀಸ ಹೆಚ್ಚಿದೆಯೆಂದು ಎಚ್ಚರಿಸಿತ್ತು. ಸೀಸದ ದೊಡ್ಡ ಅಪಾಯ ಹೊಟ್ಟೆಗೆ ಹೋದಾಗ. ಆದ್ದರಿಂದ ಬಸುರಿಯರು ಬಯಕೆಯೆಂದು ಇದನ್ನು ಚೂರು ಬಾಯಿಗೆ ಹಾಕಿಕೊಳ್ಳುವುದನ್ನು ಕಂಡರೆ ನನಗೆ ಭಯವಾಗುತ್ತದೆ. ಮನೆಯಲ್ಲಿ ಕುಟ್ಟಿ ಜರಡಿ ಹಿಡಿಯುವುದನ್ನೂ ಬಿಡಿ. ಬೆಣಚಿನ ಸಣ್ಣ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಇನ್ನು ಮೊಡವೆ. ಅದಕ್ಕೆ ಮಣ್ಣು ಮದ್ದೇ ಅಲ್ಲ. ಚರ್ಮದ ವೈದ್ಯರ ಬಳಿ ಹೋಗಿ ಮೊಡವೆಗೆ ಹಚ್ಚುವ ಬೆಂಜಾಯ್ಲ್ ಪೆರಾಕ್ಸೈಡ್ ಎಂಬ ಔಷಧಿ ನಿಮಗೆ ಒಗ್ಗುತ್ತದೆಯೇ ಎಂದು ಕೇಳಿ.