ಪಿಚ್ ಹೆಚ್ಚಿಸುವ ಮೊದಲು ಆರ್‌ಪಿಎಂ ನೋಡಿ

ನಾಡದೋಣಿಯ 15 ಎಚ್‌ಪಿ ಎಂಜಿನ್ನಿಗೆ 9 ಇಂಚು ಪಿಚ್ಚಿನ (ಜಾರಿಕೆ ಇಲ್ಲದಿದ್ದರೆ ಒಂದು ಸುತ್ತಿಗೆ ಮುಂದೆ ಸಾಗುವ ದೂರ) ಪ್ರೊಪೆಲ್ಲರ್ ತೆಗೆದು 11ರದ್ದನ್ನು ಹಾಕಿದ ಮೇಲೆ ವೇಗ ಕುಸಿದಿದೆ, ಪೂರ್ತಿ ಥ್ರಾಟಲ್ ಕೊಟ್ಟರೂ 4100 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ದಾಟುತ್ತಿಲ್ಲ, ಆದ್ದರಿಂದ 12ರದ್ದನ್ನು ತರಿಸುತ್ತೇನೆ ಎಂದು ಬರೆದಿದ್ದೀರಿ. ದಯವಿಟ್ಟು ತರಿಸಬೇಡಿ. ಪಿಚ್ ಒಂದು ಇಂಚು ಹೆಚ್ಚಿದರೆ ಸುಮಾರು 150ರಿಂದ 200 ಆರ್‌ಪಿಎಂ ಇಳಿಯುತ್ತದೆ. ಈ ವರ್ಗದ ಎರಡು ಸ್ಟ್ರೋಕ್ ಎಂಜಿನ್ನುಗಳಲ್ಲಿ ಹಲವು ಪೂರ್ತಿ ಥ್ರಾಟಲಿನಲ್ಲಿ 4500ರಿಂದ 5500ರ ನಡುವೆ ತಿರುಗಬೇಕಾದವು. ಅದಕ್ಕಿಂತ ಕೆಳಗೆ ಏದುಸಿರು ಬಿಡುತ್ತಾ ಓಡಿದ ಎಂಜಿನ್ನಿನಲ್ಲಿ ಕಾರ್ಬನ್ ಕಟ್ಟಿ ಪಿಸ್ಟನ್ ಬೇಗ ಹಾಳಾಗುತ್ತದೆ.

ಲೆಕ್ಕವನ್ನೇ ನೋಡಿ. ಗೇರ್ ಅನುಪಾತ 2.08 ಇದ್ದರೆ, ಅಂದರೆ ಎಂಜಿನ್ನಿನ 2.08 ಸುತ್ತಿಗೆ ಪ್ರೊಪೆಲ್ಲರ್ ಒಂದು ಸುತ್ತು ತಿರುಗಿದರೆ, 5000 ಆರ್‌ಪಿಎಂನಲ್ಲಿ 9 ಇಂಚು ಪಿಚ್ ಕಾಗದದ ಮೇಲೆ ಗಂಟೆಗೆ 33 ಕಿ.ಮೀ. ಕೊಡುತ್ತದೆ, ನೀರಿನಲ್ಲಿ ಪ್ರೊಪೆಲ್ಲರ್ ಜಾರುವುದಕ್ಕೆ ಶೇ. 20 ಕಳೆದರೂ 26 ಉಳಿಯುತ್ತದೆ. ನಿಮ್ಮ ದೋಣಿ ಇದರ ಹತ್ತಿರಕ್ಕೂ ಬರದಿದ್ದರೆ ಕೊರತೆ ಪಿಚ್ಚಿನಲ್ಲಿಲ್ಲ, ಹೊರೆಯಲ್ಲಿ ಅಥವಾ ಟ್ರಿಮ್ಮಿನಲ್ಲಿ, ಅಂದರೆ ದೋಣಿಗೆ ಎಂಜಿನ್ ಕೂತಿರುವ ಓರೆಯಲ್ಲಿದೆ.

ಆದ್ದರಿಂದ ಮೊದಲು ಹಳೆಯ ಪ್ರೊಪೆಲ್ಲರನ್ನೇ ಹಾಕಿ, ಬಲೆ, ಐಸ್ ಪೆಟ್ಟಿಗೆ, ಜನ ಎಲ್ಲವನ್ನೂ ಹೇರಿಕೊಂಡು ಅಳಿವೆಯ ಒಳಗಿನ ಸಮತಟ್ಟು ನೀರಿನಲ್ಲಿ ಓಡಿಸಿ. ಖಾಲಿ ದೋಣಿಯ ಪರೀಕ್ಷೆಗೆ ಬೆಲೆಯಿಲ್ಲ. ಸೀಮೆಎಣ್ಣೆಯಲ್ಲಿ ಓಡಿಸುವವರು ಸೀಮೆಎಣ್ಣೆಯಲ್ಲೇ ನೋಡಬೇಕು, ಪೆಟ್ರೋಲಿನ ಶಕ್ತಿ ಅದರಲ್ಲಿ ಬರುವುದಿಲ್ಲ. ಆರ್‌ಪಿಎಂ ಅಳೆಯಲು ಪ್ಲಗ್ ತಂತಿಗೆ ಸುತ್ತುವ ಅಗ್ಗದ ಟ್ಯಾಕೋಮೀಟರ್ ಸಾಕು. ಸುತ್ತಿಗೊಂದು ಕಿಡಿ ಹಾರುವ ಎಂಜಿನ್ನಿಗೆ ಎರಡು ಸುತ್ತಿಗೊಂದು ಕಿಡಿಯ ಸೆಟ್ಟಿಂಗ್ ಇಟ್ಟರೆ ಅದು ದುಪ್ಪಟ್ಟು ತೋರಿಸುತ್ತದೆ, ಎಚ್ಚರ.

ಈಗ ಟ್ರಿಮ್. ನೀವು ಕಳಿಸಿದ ಚಿತ್ರದಲ್ಲಿ ಎಂಜಿನ್ನಿನ ಓರೆಯನ್ನು ಹಿಡಿದಿಡುವ ಪಿನ್ ಅತ್ಯಂತ ಒಳಗಿನ ರಂಧ್ರದಲ್ಲಿದೆ, ದೋಣಿಯ ಮೂತಿ ನೀರನ್ನು ಉಳುತ್ತಿದೆ. ಎಂಜಿನ್ ನಿಲ್ಲಿಸಿ ಪಿನ್ನನ್ನು ಒಂದು ರಂಧ್ರ ಹೊರಕ್ಕೆ ಹಾಕಿ, ಮತ್ತೆ ಓಡಿಸಿ, ಆರ್‌ಪಿಎಂ ಮತ್ತು ಜಿಪಿಎಸ್ ವೇಗ ಬರೆದುಕೊಳ್ಳಿ. ಮೂತಿ ಮೇಲೆ ಕೆಳಗೆ ಕುಣಿಯತೊಡಗಿದರೆ ಅಥವಾ ತಿರುವಿನಲ್ಲಿ ಪ್ರೊಪೆಲ್ಲರ್ ಗಾಳಿ ಹಿಡಿದರೆ ಒಂದು ರಂಧ್ರ ಹಿಂದಕ್ಕೆ ಬನ್ನಿ. ಒಂದು ಸಲಕ್ಕೆ ಒಂದೇ ಬದಲಾವಣೆ; ಪ್ರೊಪೆಲ್ಲರ್, ಟ್ರಿಮ್, ಎತ್ತರ ಮೂರನ್ನೂ ಒಟ್ಟಿಗೆ ಬದಲಿಸಿ ‘ಏನೂ ಪ್ರಯೋಜನವಿಲ್ಲ’ ಎಂದು ಬರೆಯುವವರಿಗೆ ಉತ್ತರ ಕೊಡುವುದು ಕಷ್ಟ. ಎಂಜಿನ್ನಿನ ಎತ್ತರವೂ ಮುಖ್ಯ: ಪ್ರೊಪೆಲ್ಲರಿನ ಮೇಲಿನ ತಟ್ಟೆ ದೋಣಿಯ ತಳಕ್ಕೆ ಸಮನಾಗಿ ಅಥವಾ ಒಂದಿಂಚು ಕೆಳಗೆ ಇರಬೇಕು. ಅಲೆ ಎದುರಾದಾಗ ಮೂತಿ ತುಸು ತಗ್ಗಿರಲಿ. ಹಿಂದಿನಿಂದ ಅಲೆ ತಳ್ಳುವಾಗ ತಗ್ಗಿಸಬೇಡಿ, ದೋಣಿ ಅಡ್ಡ ತಿರುಗುತ್ತದೆ.

ಆರ್‌ಪಿಎಂ ಏರಿಯೂ ದೋಣಿ ಮುಂದೆ ಹೋಗದಿದ್ದರೆ ಪ್ರೊಪೆಲ್ಲರಿನ ರಬ್ಬರ್ ಹಬ್ (ಶಾಫ್ಟಿಗೆ ಕೂರುವ ನಡುಭಾಗ) ಜಾರಿರಬಹುದು. ಹಬ್ಬಿಗೂ ಪ್ರೊಪೆಲ್ಲರಿಗೂ ಸೇರಿಸಿ ಪೇಂಟಿನಲ್ಲಿ ಒಂದು ಗೆರೆ ಎಳೆದು ಓಡಿಸಿ ನೋಡಿ, ಗೆರೆ ತುಂಡಾಗಿದ್ದರೆ ಅದೇ ಕಾರಣ. ಯಮಾಹಾ, ಸುಜುಕಿ, ತೊಹಾತ್ಸು ಯಾವುದೇ ಇರಲಿ, ಕಂಪನಿಯ ಅಲ್ಯೂಮಿನಿಯಂ ಪ್ರೊಪೆಲ್ಲರನ್ನೇ ಕೊಳ್ಳಿ ಎಂಬುದು ನನ್ನ ಅಭಿಪ್ರಾಯ. ಹೆಸರಿಲ್ಲದ ಎರಕದ ನಕಲುಗಳಲ್ಲಿ ಎಲೆಗಳು ಒಂದಕ್ಕೊಂದು ಹೊಂದುವುದಿಲ್ಲ. ಸ್ಟೀಲಿನ ಆಸೆಯೂ ಬೇಡ, ಮರಳುದಿಬ್ಬಕ್ಕೆ ತಗುಲಿದಾಗ ಅಲ್ಯೂಮಿನಿಯಂ ತಾನು ಬಗ್ಗಿ ಗೇರನ್ನು ಉಳಿಸುತ್ತದೆ.

ಪ್ರೊಪೆಲ್ಲರ್ ಬಿಚ್ಚಿದಾಗಲೇ ಶಾಫ್ಟಿಗೆ ಬಲೆಯ ನೂಲು ಸುತ್ತಿದೆಯೇ ನೋಡಿ; ಅದು ಸೀಲನ್ನು ಕೊಯ್ದರೆ ಗೇರ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಯಾವ ಪಿಚ್ ಹಾಕಿದರೂ ವ್ಯರ್ಥ.